ಗುರುಬಾಯಿಯ ಹಿಮ್ಮಡ

ಸೊಸೆ ಎಡಗಾಲು ಎಳೆಯುತ್ತಿದ್ದಾಳೆ ಎಂಬುದು ದುಂಡವ್ವನ ಕಣ್ಣಿಗೆ ಬಿದ್ದದ್ದು ಒಲೆಯ ಮುಂದೆ. ರೊಟ್ಟಿ ಬಡಿಯುತ್ತ ಕೂತಿದ್ದ ಗುರುಬಾಯಿ ಹಿಟ್ಟು ತರಲು ಎದ್ದವಳು ಹಿಮ್ಮಡವನ್ನು ನೆಲಕ್ಕೆ ತಾಗಿಸದೆ, ತುದಿಗಾಲ ಮೇಲೆ ನಡೆದುಹೋದಳು.

"ಕಾಲಿಗೇನಾತು?"

"ಮುಳ್ಳು ಚುಚ್ಚೇತ್ರಿ ಅತ್ತಿ. ತಾನ ಹೋಕ್ಕೈತಿ."

"ಮುಳ್ಳು ತಾನ ಹೋಗೂದಂದ್ರೇನ? ತಾ ಇಲ್ಲಿ, ತಗೀತೀನಿ."

"ಆಮ್ಯಾಲ ತಗಸ್ಕೋತೀನ್ರಿ. ರೊಟ್ಟಿ ಸೀಯಾಕತ್ತೇತಿ."

ರೊಟ್ಟಿ ಸೀಯುತ್ತಿರಲಿಲ್ಲ. ದುಂಡವ್ವ ಅದನ್ನೂ ನೋಡಿದಳು. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಕುರಿ ಸಾಕುವ ಮನೆಗೇ ಬಂದವಳು ಆಕೆ. ನೂರು ಕುರಿ ದಾಟಿಹೋಗುವಾಗ ಯಾವುದು ಕುಂಟುತ್ತಿದೆ ಎಂದು ಕೂತಲ್ಲಿಂದಲೇ ಹೇಳಬಲ್ಲವಳಿಗೆ, ಮುಳ್ಳು ತುಳಿದ ಕಾಲಿನ ನಡಿಗೆ ಬೇರೆ, ಹಿಮ್ಮಡ ಸುಲಿದ ಕಾಲಿನ ನಡಿಗೆ ಬೇರೆ ಎಂಬುದು ಗೊತ್ತಾಗದೆ ಇರುತ್ತದೆಯೇ?

ಆಗ ತಿಕೋಟಾದ ಆ ಮನೆಯಲ್ಲಿ ಇದ್ದವರು ಇವರಿಬ್ಬರೇ. ದುಂಡವ್ವನ ಗಂಡ ಶಂಕರೆಪ್ಪ ಮಳೆಗಾಲ ಮುಗಿದ ಕೂಡಲೇ ಹಿಂಡು ಹೊಡೆದುಕೊಂಡು ಡೋಣಿ ಹೊಳೆಯ ಕಡೆ ಹೋಗಿದ್ದ. ಮಗ ಸಿದ್ದರಾಯ ವಿಜಾಪುರದ ಬಸ್ ಡಿಪೋದಲ್ಲಿ ಗಾಲಿ ಬಿಚ್ಚುವ, ಜೋಡಿಸುವ ಕೆಲಸಕ್ಕಿದ್ದು, ಶನಿವಾರ ಸಂಜೆ ಬಂದರೆ ಸೋಮವಾರದ ಮೊದಲ ಬಸ್ಸಿಗೆ ತಿರುಗಿ ಹೋಗುತ್ತಿದ್ದ. ಹಿತ್ತಲಲ್ಲಿ ನಡೆಯಲಾರದ ಸಣ್ಣ ಮರಿಗಳು ನಾಕಾರು ಉಳಿದಿದ್ದವು. ಗುರುಬಾಯಿ ಮದುವೆಯಾಗಿ ಬಂದು ವರ್ಷ ತುಂಬಿತ್ತು. ಮಾತು ಕಡಿಮೆ, ಕೆಲಸ ಚುರುಕು. ದುಂಡವ್ವನಿಗೆ ಸೊಸೆಯ ಮೇಲೆ ಯಾವ ದೂರೂ ಇರಲಿಲ್ಲ. ಆದರೆ ಆ ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂಬುದೂ ತಿಳಿದಿರಲಿಲ್ಲ.

ಮರುದಿನ ಬಾವಿಯ ಹತ್ತಿರ ಪಕ್ಕದ ಮನೆಯ ಪರಸವ್ವ ಕೊಡ ಕೆಳಗಿಟ್ಟು ಮೆಲ್ಲಗೆ ಬಾಯಿ ಬಿಟ್ಟಳು. "ದುಂಡವ್ವಕ್ಕಾ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ಸೊಸಿ ನಸುಕಿನ್ಯಾಗ ಹೊನವಾಡ ದಾರಿ ಹಿಡದು ಓಡಾಕತ್ತಿದ್ಲಂತ. ನಮ್ಮವರು ಹೊಲಕ್ಕ ಹೋಗುಮುಂದ ನೋಡ್ಯಾರ. ಸೀರಿ ಕಚ್ಚಿ ಹಾಕಿ, ಹಿಂದ ಯಾರೋ ಬೆನ್ನ ಹತ್ತಿದಂಗ ಓಡ್ತಿದ್ಲಂತ."

"ಆಕಿನ ಅಂತ ಹ್ಯಾಂಗ ಗೊತ್ತು?"

"ಗೊತ್ತಾಗಲಾರದೇನ? ಹೊನವಾಡ ಆಕಿ ತವರಮನಿ ಅಲ್ಲೇನ? ಮನ್ಯಾಗ ಏನರೆ ಬಿರುಸ ಮಾತ ಆಗೇತೇನ ನೋಡು."

ದುಂಡವ್ವನ ಕೈಯಲ್ಲಿದ್ದ ಹಗ್ಗ ಜಾರಿ ಕೊಡ ಬಾವಿಯ ತಳ ಕಂಡಿತು. ಪಾತಾಳಗರಡಿ ತರಿಸಿ ಅದನ್ನು ಎತ್ತುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಆ ಇಡೀ ಹೊತ್ತು ಆಕೆ ಹಿಂದಿನ ದಿನಗಳನ್ನೇ ಕೆದಕುತ್ತಿದ್ದಳು. ಹಾಲು ಒಡೆದದ್ದಕ್ಕೆ ಒಮ್ಮೆ ಗದರಿದ್ದು ನಿಜ. ವರ್ಷವಾದರೂ ಮಡಿಲು ತುಂಬಲಿಲ್ಲ ಎಂದು ಯಾರದೋ ಎದುರು ಅಂದದ್ದೂ ನಿಜ. ಅದು ಹುಡುಗಿಯ ಕಿವಿಗೆ ಬಿದ್ದು ಮನಸ್ಸಿಗೆ ನಟ್ಟಿತೇ?

ಮರುದಿನ ನಸುಕಿನಲ್ಲಿ ಗುರುಬಾಯಿ ಚರಗಿ ಹಿಡಿದು ಹೊರಗೆ ಹೋದಳು. ಬಯಲಿಗೆ ಹೋದವಳು ಬೇಗ ಬರಬೇಕಿತ್ತು. ಬರಲಿಲ್ಲ. ದುಂಡವ್ವ ಹಿತ್ತಲ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಳು. ಮೂಡಣ ಕೆಂಪಾಗಿ, ಬಣವಿಯ ಮೇಲಿನ ಇಬ್ಬನಿ ಹೊಳೆಯತೊಡಗಿದಾಗ ಸೊಸೆ ಬಂದಳು. ಮೈಯೆಲ್ಲ ಬೆವರು, ಕುಂಟು ನಡಿಗೆ. ನೇರ ಬಣವಿಯ ಹಿಂದೆ ಹೋಗಿ ಕೂತು ಕಾಲಿಗೆ ಕೈ ಹಾಕಿದಳು.

ದುಂಡವ್ವ ಹತ್ತಿರ ಹೋಗಿ ನಿಂತಳು. "ಗುರುಬಾಯಿ, ಹೋಗೂದಿದ್ರ ಹಗಲಿನ್ಯಾಗ ಹೋಗು. ಗಂಟು ಕಟ್ಟಿ ನಾನ ಬಸ್ಸಿಗೆ ಹತ್ತಿಸ್ತೀನಿ. ಹಿಂಗ ಕದ್ದ ಓಡಬ್ಯಾಡ ಯವ್ವಾ."

ಗುರುಬಾಯಿ ಬೆಚ್ಚಿ ಮೇಲೆ ನೋಡಿದಳು. "ಎಲ್ಲಿಗ್ರಿ ಅತ್ತಿ?"

"ತವರಮನಿಗೆ. ಊರ ಮಂದಿ ನೋಡ್ಯಾರ. ನಿನಗ ಇಲ್ಲಿ ಏನ ಕಡಿಮಿ ಆಗೇತಿ ಹೇಳು. ನನ್ನ ಬಾಯಿಂದ ಏನರೆ ಬಂದಿದ್ರ ಅದನ್ನೂ ಹೇಳು."

ಹುಡುಗಿ ಅತ್ತೆಯ ಮುಖವನ್ನೇ ನೋಡುತ್ತಿದ್ದು, ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು. ನಗುತ್ತಲೇ ಕಣ್ಣು ತುಂಬಿದವು. "ತವರಮನಿಗೆ ಓಡೂದಿದ್ರ ದಿನಾ ಯಾಕ ತಿರಗಿ ಬರ್ತಿದ್ನಿರಿ? ನಾ ಓಡಾಕ ಓಡ್ತೀನ್ರಿ ಅತ್ತಿ. ಮತ್ತೇನಿಲ್ಲ."

ಆಮೇಲೆ ಒಂದೊಂದೇ ಮಾತು ಹೊರಬಿತ್ತು. ವಿಜಾಪುರದಲ್ಲಿ ವಸತಿಯಿದ್ದು ಹೈಸ್ಕೂಲು ಓದುವಾಗ ಗುರುಬಾಯಿ ಓಟದಲ್ಲಿ ಯಾವಾಗಲೂ ಮುಂದೆ. ಮದುವೆಯಾದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದಳು. ೧೯೭೫ರ ಆ ವರ್ಷ ಮಹಿಳಾ ವರ್ಷ ಎಂದು ಎಲ್ಲೆಲ್ಲೂ ಭಾಷಣ, ಮೆರವಣಿಗೆ. ಸಂಕ್ರಾಂತಿ ಮುಗಿದ ಮೇಲೆ ಬಬಲೇಶ್ವರದಲ್ಲಿ ಹೆಣ್ಣುಮಕ್ಕಳಿಗೆಂದೇ ರಸ್ತೆಯ ಮೇಲಿನ ಓಟ ಇಡುತ್ತಾರೆಂದು ಸಿದ್ದರಾಯ ಡಿಪೋದಲ್ಲಿ ಕೇಳಿಕೊಂಡು ಬಂದಿದ್ದ. ಮದುವೆಯಾದವರೂ ಓಡಬಹುದಂತೆ. 'ನೀ ಓಡು' ಎಂದವನೂ ಅವನೇ. ಒಂದು ಜೋಡಿ ಬಿಳಿ ಕ್ಯಾನವಾಸ ಬೂಟು ತಂದುಕೊಟ್ಟವನೂ ಅವನೇ.

"ನನಗ ಯಾಕ ಹೇಳಲಿಲ್ಲ?"

"ಕೇಳಿದ್ರ ನೀವು ಬ್ಯಾಡ ಅಂದೀರಿ ಅಂತ. ಬ್ಯಾಡ ಅಂದ್ರ ಓಡಾಕ ಆಗೂದಿಲ್ಲ. ಅದಕ ಕೇಳಲಿಲ್ಲ."

ದುಂಡವ್ವನಿಗೆ ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಸಿಟ್ಟು ಬಂತು, ಮಗನ ಮೇಲೆ, ಸೊಸೆಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಪರಸವ್ವನ ಮೇಲೆ. ಆದರೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗುರುಬಾಯಿ ಬೂಟು ಕಳಚಿದಳು. ಒಳಗೆ ಕಾಲುಚೀಲ ಇರಲಿಲ್ಲ. ಹಿಮ್ಮಡದ ಮೇಲೆ ಬೋರೆಹಣ್ಣಿನ ಗಾತ್ರದ ನೀರುಬೊಬ್ಬೆ ಬಿಗಿದು ನಿಂತಿತ್ತು. ಹೆಬ್ಬೆರಳ ಪಕ್ಕದಲ್ಲಿ ಇನ್ನೊಂದು ಚಿಕ್ಕದು.

"ಇದನ್ನ ಇಟ್ಕೊಂಡು ಓಡಿದ್ಯಾ? ಹುಚ್ಚ ಹುಡುಗಿ! ನಡಿ ಒಳಗ."

ಬೊಬ್ಬೆಗೆ ಏನು ಮಾಡಬೇಕೆಂಬುದು ದುಂಡವ್ವನಿಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಆಕೆ ತಿಳಿದಿದ್ದಳು. ಗೋಡೆಯ ಗೂಡಿನಲ್ಲಿದ್ದ ಕೌದಿ ಹೊಲಿಯುವ ಸೂಜಿಗೆ ದಾರ ಪೋಣಿಸಿ, ಬೊಬ್ಬೆಯ ಈ ಕಡೆ ಚುಚ್ಚಿ ಆ ಕಡೆ ತೆಗೆದು, ನೀರು ಸೋರಿಹೋಗಲಿ ಎಂದು ದಾರವನ್ನು ಒಳಗೇ ಬಿಟ್ಟು ಕತ್ತರಿಸಿದಳು. ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಷಿಣ. ತನ್ನ ತಾಯಿ ಮಾಡುತ್ತಿದ್ದುದೂ ಹಾಗೆಯೇ. ಗುರುಬಾಯಿ ಹಲ್ಲು ಕಚ್ಚಿ ಕೂತಿದ್ದಳು. ನೋವು ಇಳಿಯಿತು. ಅತ್ತೆ ಬೇಡ ಅನ್ನಲಿಲ್ಲವೆಂಬ ಹುರುಪಿನಲ್ಲಿ ಮರುದಿನವೂ ಓಡಿಬಂದಳು.

ಅದರ ಮಾರನೆಯ ದಿನ ಹಿಮ್ಮಡ ಕೆಂಪಗೆ ಊದಿತ್ತು. ಸಂಜೆಗೆ ಕೀವು ಕಂಡಿತು, ತೊಡೆಯ ಸಂದಿಯಲ್ಲಿ ಗಂಟು ಕಟ್ಟಿತು, ಮೈ ಕಾದ ಹಂಚಾಯಿತು. ಗುರುಬಾಯಿ ಗೋಡೆಗೆ ಒರಗಿ ಕೂತು, "ಓಟ ಹೋತ್ರಿ ಅತ್ತಿ" ಎಂದಷ್ಟೇ ಅಂದಳು. ದುಂಡವ್ವ ರಾತ್ರಿ ಊಟ ಮಾಡಲಿಲ್ಲ. ಬೆಳಕು ಹರಿಯುತ್ತಲೇ ಪರಸವ್ವನ ಮನೆಯ ಚಕ್ಕಡಿ ಹೂಡಿಸಿ, ಸೊಸೆಯನ್ನು ಮಲಗಿಸಿಕೊಂಡು ದವಾಖಾನೆಗೆ ಹೋದಳು.

ತಿಕೋಟಾದ ದವಾಖಾನೆಯ ನರ್ಸಬಾಯಿ ಸಾವಂತ್ರವ್ವ ವಿಜಾಪುರದ ಇಬ್ರಾಹಿಂಪುರದವಳು. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಮೂವತ್ತರ ಆಸುಪಾಸು, ನೇರ ಮಾತು. ಬೂಟು, ಸಂಕ್ರಾಂತಿಯ ನಂತರದ ಓಟ ಎಲ್ಲವನ್ನೂ ಗುರುಬಾಯಿಯ ಬಾಯಿಂದ ತಿಳಿದುಕೊಂಡು, ಕಾಲನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು, "ಈ ದಾರ ಯಾರ ಹಾಕಿದ್ರು?"

"ನಾನ್ರಿ ಬಾಯಾರ," ಎಂದಳು ದುಂಡವ್ವ.

"ದಾರದ ಗುಂಟ ಹೊಲಸು ಒಳಗ ಇಳದೈತಿ ನೋಡ್ರಿ. ಸೂಜಿ ಕುದಿಸಿದ್ರಿ?"

"ಕುದಸೂದ್ಯಾಕ್ರಿ? ಕುರಿ ಕಾಲ ಕೀವಾದ್ರ ನಾವು ಹಂಗ ಚುಚ್ಚಿ ಬಿಡ್ತೀವ್ರಿ. ಎಷ್ಟ ಕುರಿ ನೆಟ್ಟಗಾಗ್ಯಾವು."

"ಕುರಿ ಬೂಟ ಹಾಕ್ಕೊಂಡು ಓಡೂದಿಲ್ಲಲ್ರಿ ಅವ್ವಾರ."

ಪಕ್ಕದಲ್ಲಿ ಕೂತಿದ್ದ ರೋಗಿಗಳು ನಕ್ಕರು. ಜ್ವರದಲ್ಲೂ ಗುರುಬಾಯಿಯ ತುಟಿ ಅಲುಗಿತು. ದುಂಡವ್ವನಿಗೆ ಮಾತ್ರ ನಗು ಬರಲಿಲ್ಲ. ಡಾಕ್ಟರು ಬಂದು ನೋಡಿ ಇಂಜೆಕ್ಷನ್ ಕೊಡಿಸಿದರು. ಸಾವಂತ್ರವ್ವ ದಾರ ಕಿತ್ತು, ಕೀವು ತೊಳೆದು, ನೇರಳೆ ಬಣ್ಣದ ಔಷಧ ಹಚ್ಚಿ ಪಟ್ಟಿ ಕಟ್ಟಿದಳು. ಕಟ್ಟುತ್ತಲೇ ಅತ್ತೆಗೂ ಸೊಸೆಗೂ ಕೂಡಿಯೇ ಹೇಳಿದಳು. "ಗುಳ್ಳಿ ಮ್ಯಾಲಿನ ಚರ್ಮ ಐತೆಲ್ಲಾ, ಅದಕ್ಕಿಂತ ಛಲೋ ಪಟ್ಟಿ ನನ್ನ ಹಂತ್ಯಾಕ ಇಲ್ಲ. ಸಣ್ಣದಿದ್ರ ಮುಟ್ಟಬ್ಯಾಡ್ರಿ. ಭಾಳ ಬಿಗದು ನಡಿಯಾಕ ಬರದಂಗ ಆದ್ರಷ್ಟ, ಸಬಕಾರ ಹಚ್ಚಿ ಕೈ ತೊಳಕೊಂಡು, ಕುದಿಸಿದ ಸೂಜಿಲೆ ಅಂಚಿಗೆ ಒಂದ ತೂತ ಮಾಡ್ರಿ. ನೀರ ಹೋಗ್ಲಿ, ಚರ್ಮ ಇರ್ಲಿ. ಮ್ಯಾಲ ತೊಳದ ಅರಬಿ ಕಟ್ರಿ. ದಾರ ಬ್ಯಾಡ, ಅರಿಷಿಣ ಬ್ಯಾಡ."

"ಓಡೂದು?" ಗುರುಬಾಯಿ ಕೇಳಿದಳು.

"ಹೊಸ ಚರ್ಮ ಬರೂಮಟ ಓಡಿದ್ರ ಮತ್ತ ಇಲ್ಲೇ ಬರ್ತೀ. ಓಟ ಸಂಕ್ರಾಂತಿ ಆದಮ್ಯಾಲ ಅಂದೆಲ್ಲ? ಈಗ ಕೂತಿ ಅಂದ್ರ ಆಗ ಓಡ್ತಿ. ಮತ್ತ ಆ ಬೂಟ ನನಗ ಒಮ್ಮೆ ತೋರಸು."

ಅಂದಿನಿಂದ ಗುರುಬಾಯಿಯ ಕಾಲು ದುಂಡವ್ವನ ಜವಾಬ್ದಾರಿಯಾಯಿತು. ಹೊತ್ತಿಗೆ ಸರಿಯಾಗಿ ನೀರು ಕುದಿಸುವುದು, ಆರಿಸುವುದು, ತೊಳೆಯುವುದು, ಹಳೆಯ ಧೋತರದ ಚೂರುಗಳನ್ನು ಕುದಿಸಿ ಬಿಸಿಲಿಗೆ ಹಾಕುವುದು. ಸೊಸೆ ಬೇಡವೆಂದರೂ ಕೇಳದೆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. "ಅತ್ತಿ, ನೀವು ನನ್ನ ಕಾಲ ಮುಟ್ಟಬಾರದ್ರಿ" ಎಂದು ಗುರುಬಾಯಿ ಎಳೆದುಕೊಂಡರೆ, "ಕೆಡಿಸಿದ ಕೈ ಇದು. ಇದ ಕೈ ನೆಟ್ಟಗ ಮಾಡ್ಲಿ" ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ಇಬ್ಬರ ನಡುವೆ ಮಾತು ಬೆಳೆಯಿತು. ಮಡಿಲ ಮಾತನ್ನೂ ದುಂಡವ್ವ ತಾನಾಗಿಯೇ ತೆಗೆದಳು. "ಅವತ್ತ ಮಂದಿ ಮುಂದ ಹಂಗ ಅನ್ನಬಾರದಿತ್ತು" ಎಂದಳು. ಗುರುಬಾಯಿ ತಲೆ ಬಗ್ಗಿಸಿ, "ಕೇಳಿದ್ನಿರಿ. ಆದ್ರ ಅದಕ ಓಡಿಲ್ಲ" ಎಂದಳು.

ಬೂಟು ನೋಡಿದ ಸಾವಂತ್ರವ್ವ ಅದು ಕಾಲಿಗೆ ಸಣ್ಣದೆಂದು ಹೇಳಿ, ಹೊಸದನ್ನು ಹೇಗೆ ನೋಡಿ ಕೊಳ್ಳಬೇಕೆಂದೂ ಹೇಳಿಕೊಟ್ಟಿದ್ದಳು. ಶನಿವಾರ ಸಿದ್ದರಾಯ ಬಂದಾಗ ತಾಯಿ ಬೂಟು ತಂದು ಅವನ ಮುಂದೆ ಇಟ್ಟಳು. "ಹೆಂಡ್ತಿ ಕಾಲಿನ ಅಳತಿ ಗೊತ್ತಿಲ್ಲೇನೋ ನಿನಗ?"

ಅವನು ಬೂಟನ್ನು ಗುರುಬಾಯಿಯ ಪಾದದ ಪಕ್ಕಕ್ಕೆ ಹಿಡಿದ. ಬೆರಳುಗಳು ಬೂಟಿನ ಮೂತಿಯ ಸಮಕ್ಕೇ ಇದ್ದವು. ಅವನ ಮುಖ ಸಣ್ಣದಾಯಿತು. "ಹೇಳಬಾರದೇನ?"

"ಅಷ್ಟ ಖುಷಿಲೆ ತಂದಿದ್ರಿ. ಹ್ಯಾಂಗ ಹೇಳ್ಲಿ?"

ಗಾಯ ಮಾಗಿ, ಹಿಮ್ಮಡಕ್ಕೆ ಗುಲಾಬಿ ಬಣ್ಣದ ತೆಳು ಚರ್ಮ ಬಂದ ಮೇಲೆ ಮೂವರೂ ವಿಜಾಪುರಕ್ಕೆ ಹೋದರು. ಕಾಸಿಮಸಾಬ ಎಂಬಾತನ ಅಂಗಡಿಯಲ್ಲಿ ಹೆಂಗಸರ ಚಪ್ಪಲಿ ಬೇಕಾದಷ್ಟಿದ್ದವು. ಹೆಂಗಸರು ಓಡುವ ಬೂಟು ಎಂದಾಗ ಮುದುಕ ಕನ್ನಡಕ ಸರಿಪಡಿಸಿಕೊಂಡು ಮೂವರನ್ನೂ ನೋಡಿದ. "ಅಂಥಾವು ಯಾರೂ ಕೇಳಿಲ್ರಿ ಇಲ್ಲೀಮಟ. ಗಂಡುಹುಡುಗರ ಬೂಟ ಅದಾವ, ನೋಡೂಣ."

ಒಂದೊಂದೇ ಜೋಡಿ ಹಾಕಿಸಿ ನೋಡಿದರು. ಸಾವಂತ್ರವ್ವ ಹೇಳಿಕೊಟ್ಟಂತೆ ದುಂಡವ್ವ ಪ್ರತಿ ಸಲ ಮುಂದೆ ಹೆಬ್ಬೆರಳು ಒತ್ತಿ ಜಾಗ ಉಳಿದಿದೆಯೇ ಎಂದು ಪರೀಕ್ಷಿಸಿದಳು, ಹಿಂದೆ ಬೆರಳು ತೂರಿಸಿ ಹಿಮ್ಮಡ ಅಲುಗುತ್ತದೆಯೇ ಎಂದು ನೋಡಿದಳು. ದಪ್ಪ ಹತ್ತಿಯ ಕಾಲುಚೀಲವನ್ನೂ ಹಾಕಿಸಿದಳು. ಕೊನೆಗೊಂದು ಜೋಡಿ ಕೂತಿತು. "ನಡದ ನೋಡವ್ವಾ," ಎಂದ ಕಾಸಿಮಸಾಬ.

"ನಡದು ಏನ ತಿಳೀತೈತ್ರಿ?" ಎಂದಳು ದುಂಡವ್ವ. "ಗುರುಬಾಯಿ, ಓಡಿ ನೋಡು."

"ಇಲ್ಲೇನ್ರಿ ಅತ್ತಿ? ಬಜಾರದಾಗ?"

"ಮತ್ತ ಬಬಲೇಶ್ವರದಾಗ ಮಂದಿ ಇರೂದಿಲ್ಲೇನ? ಓಡು."

ಗುರುಬಾಯಿ ಗಂಡನ ಮುಖ ನೋಡಿದಳು. ಅವನು ನಗುತ್ತ ಬಾಗಿಲು ಬಿಟ್ಟು ಸರಿದ. ಆಕೆ ಸೀರೆಯ ನಿರಿಗೆ ಎತ್ತಿ ಕಚ್ಚೆ ಸಿಕ್ಕಿಸಿ ಓಣಿಗೆ ಇಳಿದಳು. ಮೊದಲು ನಾಚಿಕೆಯ ಸಣ್ಣ ಹೆಜ್ಜೆ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಪಕ್ಕಕ್ಕೆ ಸರಿದ. ಆಮೇಲೆ ಹೆಜ್ಜೆ ಉದ್ದವಾಯಿತು. ಟಾಂಗಾ ದಾಟಿ, ಬಾಳೆಹಣ್ಣಿನ ಗಾಡಿ ದಾಟಿ, ಓಣಿಯ ತುದಿಯಲ್ಲಿ ತಿರುಗಿ ಬರುವಾಗ ಆಕೆ ಯಾರನ್ನೂ ನೋಡುತ್ತಿರಲಿಲ್ಲ. ತಲೆ ನೆಟ್ಟಗೆ, ಮೊಣಕೈ ಮೈಗೆ ಹತ್ತಿರ, ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನುವಂತೆ. ಅಂಗಡಿಯವರೆಲ್ಲ ಎದ್ದು ನಿಂತಿದ್ದರು.

ದುಂಡವ್ವ ಸೊಸೆ ಓಡುವುದನ್ನು ನೋಡಿದ್ದು ಅದೇ ಮೊದಲು. ಒಲೆಯ ಮುಂದೆ, ಬಾವಿಯ ಹತ್ತಿರ, ಹಿತ್ತಲಲ್ಲಿ ಕಂಡ ಹುಡುಗಿಯೇ ಇವಳು ಎಂದು ನಂಬಲಾಗಲಿಲ್ಲ. ಇದನ್ನು ಬೇಡ ಅನ್ನಲು ಯಾರಿಗಾದರೂ ಮನಸ್ಸು ಬಂದೀತೇ? ತನಗೆ ಬರುತ್ತಿತ್ತು, ಒಂದು ತಿಂಗಳ ಹಿಂದೆ ಕೇಳಿದ್ದರೆ ಬಂದೇ ಬರುತ್ತಿತ್ತು ಎಂದು ಅನ್ನಿಸಿ ನಾಚಿಕೆಯಾಯಿತು.

"ಒತ್ತತೈತೇನ?" ಎಂದು ಮಾತ್ರ ಕೇಳಿದಳು.

"ಇಲ್ರಿ ಅತ್ತಿ. ಎಲ್ಲೂ ಒತ್ತೂದಿಲ್ಲ."

ಆಮೇಲೆ ಹೊನವಾಡ ದಾರಿಯ ಓಟ ಬೆಳಕಿನಲ್ಲೇ ನಡೆಯಿತು. ಹೊಸ ಬೂಟನ್ನು ಮೊದಲು ಮನೆಗೆಲಸದಲ್ಲಿ ಹಾಕಿಸಿ, ಆಮೇಲೆ ಸ್ವಲ್ಪ ದೂರ, ಆಮೇಲೆ ಇನ್ನೂ ಸ್ವಲ್ಪ ದೂರ ಎಂದು ಹದಕ್ಕೆ ತಂದರು. ಓಡಿ ಬಂದ ಕೂಡಲೇ ದುಂಡವ್ವ ಕಾಲು ಹಿಡಿದು ಬೆರಳು ಬೆರಳು ನೋಡುವಳು. ಒಂದು ದಿನ ಬಲಗಾಲಿನ ಕಿರುಬೆರಳ ಬುಡ ಕೆಂಪಾಗಿ ಉರಿಯುತ್ತಿತ್ತು, ಇನ್ನೂ ನೀರು ತುಂಬಿರಲಿಲ್ಲ. ಹಿತ್ತಲಿನ ಮರಿಯ ಮೆತ್ತನೆಯ ಉಣ್ಣೆ ಆಕೆಗೆ ನೆನಪಾಯಿತು. ಈ ಸಲ ತಾನೇ ನಿರ್ಧರಿಸದೆ ದವಾಖಾನೆಗೆ ಹೋಗಿ ಕೇಳಿಬಂದಳು.

"ತೊಳದು ಒಣಗಿಸಿದ್ದಿದ್ರ ಬೆರಳಿನ ಸಂದ್ಯಾಗ ಇಡ್ರಿ, ತಿಕ್ಕಾಟ ಕಡಿಮಿ ಆಕ್ಕೈತಿ," ಎಂದಳು ಸಾವಂತ್ರವ್ವ. "ಚರ್ಮ ಒಡದಿದ್ರ ಮಾತ್ರ ಬ್ಯಾಡ. ಮತ್ತ ಗುರುಬಾಯಿಗೆ ಹೇಳ್ರಿ, ಓಡುಮುಂದ ಎಲ್ಲೆರ ಉರಿ ಹತ್ತಿದ್ರ ಅಲ್ಲೇ ನಿಂದ್ರಬೇಕು. ಆಮ್ಯಾಲ ನೋಡೂಣ ಅಂದ್ರ ಗುಳ್ಳಿ ಎದ್ದಿರ್ತೈತಿ."

ಓಟದ ದಿನ ಬಬಲೇಶ್ವರದ ಶಾಲೆಯ ಬಯಲಿನಲ್ಲಿ ಜನ ತುಂಬಿತ್ತು. ಬಿಳಿಜೋಳ ತೆನೆ ತುಂಬಿ ನಿಂತ ಕಾಲ, ತಂಪು ಗಾಳಿ. ವಿಜಾಪುರದ ಕಾಲೇಜಿನ ಹುಡುಗಿಯರು ಲಂಗ ತೊಟ್ಟು ಗುಂಪಾಗಿ ನಿಂತಿದ್ದರು. ಸುತ್ತಿನ ಹಳ್ಳಿಗಳಿಂದ ಬಂದವರು ಬಹುಪಾಲು ಬರಿಗಾಲು. ಕಚ್ಚೆ ಸೀರೆ, ಕೊರಳಲ್ಲಿ ತಾಳಿ, ಕಾಲಲ್ಲಿ ಹುಡುಗರ ಬೂಟು, ಹಾಗಿದ್ದವಳು ಗುರುಬಾಯಿ ಒಬ್ಬಳೇ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ದುಂಡವ್ವ ತಿರುಗಿ ನೋಡಿದಾಗ ನಗು ನಿಂತಿತು. ವಿಜಾಪುರ ರಸ್ತೆಯಲ್ಲಿ ದೂರದ ಸೇತುವೆಯವರೆಗೆ ಹೋಗಿ ತಿರುಗಿ ಬರಬೇಕು, ಮೊದಲ ಆರು ಮಂದಿಗೆ ವಿಜಾಪುರದ ಜಿಲ್ಲಾ ಪಂದ್ಯದಲ್ಲಿ ಅವಕಾಶ ಎಂದು ಧ್ವನಿವರ್ಧಕದಲ್ಲಿ ಕೂಗಿದರು.

ಸೀಟಿ ಊದಿದರು. ಧೂಳೆದ್ದು ಎಲ್ಲರೂ ಮರೆಯಾದರು.

ಕಾಯುವುದು ದುಂಡವ್ವನಿಗೆ ಹೊಸದೇನಲ್ಲ. ಹಿಂಡು ಹಿಂತಿರುಗುವುದನ್ನು ಜನ್ಮವೆಲ್ಲ ಕಾದವಳು. ಆದರೂ ಆ ದಿನ ಕೂತಲ್ಲಿ ಕೂರಲಾಗಲಿಲ್ಲ. ಮೊದಲು ಉದ್ದ ಜಡೆಯ ಕಾಲೇಜು ಹುಡುಗಿ ಕಂಡಳು. ಅವಳ ಹಿಂದೆ ಇಬ್ಬರು. ಗುರುಬಾಯಿ ಇಲ್ಲ. ನಾಲ್ಕನೆಯವಳೂ ಬಂದಳು.

"ಯವ್ವಾ, ಆಕಿಗೆ ಏನರೆ ಆತೇನ ಬೇ?" ಸಿದ್ದರಾಯ ರಸ್ತೆಯ ಅಂಚಿಗೆ ಹೋಗಿ ಇಣುಕಿದ.

"ತಡಿ," ಎಂದಳು ದುಂಡವ್ವ. ರಸ್ತೆಯ ತಿರುವಿನಲ್ಲಿ ಇಬ್ಬರು ಒಟ್ಟಿಗೆ ಬರುತ್ತಿದ್ದರು. ಒಬ್ಬಳು ಅರಕೇರಿಯ ಬರಿಗಾಲಿನ ಹುಡುಗಿ. ಪಕ್ಕದಲ್ಲಿ ಕೆಂಪು ಸೀರೆ. ನಡಿಗೆ ನೋಡಿದಳು. ಕುಂಟು ಇಲ್ಲ. ಎರಡೂ ಕಾಲು ಸಮನಾಗಿ ಬೀಳುತ್ತಿದ್ದವು. ದುಂಡವ್ವ ಸೆರಗು ಜಾರಿದ್ದನ್ನೂ ಮರೆತು ಕೈ ಎತ್ತಿ ಕೂಗಿದಳು, "ಬಾ ನನ್ನವ್ವಾ! ಬಾ!"

ಗುರುಬಾಯಿ ಕೊನೆಯ ಹತ್ತಾರು ಮಾರಿನಲ್ಲಿ ಆ ಹುಡುಗಿಯನ್ನು ಹಿಂದೆ ಹಾಕಿ ಐದನೆಯವಳಾಗಿ ಬಂದಳು. ಬಂದವಳು ಅತ್ತೆಯ ಹೆಗಲಿಗೆ ಒರಗಿ ಏದುಸಿರಿನಲ್ಲೇ ಹೇಳಿದಳು, "ಎರಡನೇದಾಕಿ ಆಗಿ ಹೊಂಟಿದ್ನಿರಿ ಅತ್ತಿ. ಸೇತುವಿ ಹಂತ್ಯಾಕ ಹಿಮ್ಮಡ ಉರೀತು. ಕಾಲಚೀಲ ಮುದುಡಿತ್ತು. ನಿಂತು, ಬಿಚ್ಚಿ, ನೆಟ್ಟಗ ಮಾಡಿ ಹಾಕ್ಕೊಂಡೆ. ಮಂದಿ ಎಲ್ಲಾ ದಾಟಿ ಹೋದ್ರು."

"ನಿಂತೆಲ್ಲ, ಛಲೋ ಆತು," ಎಂದಳು ದುಂಡವ್ವ. ಜನರ ನಡುವೆಯೇ ಅವಳನ್ನು ಕೂರಿಸಿ ಬೂಟು ಬಿಚ್ಚಿ ನೋಡಿದಳು. ಹಿಮ್ಮಡ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಚರ್ಮ ಗಟ್ಟಿಯಾಗಿತ್ತು.

ಸಂಜೆಯ ಬಸ್ಸಿನಲ್ಲಿ ಸಿದ್ದರಾಯ ನಿಂತೇ ಬಂದ, ಅತ್ತೆ ಸೊಸೆ ಒಂದು ಸೀಟಿನಲ್ಲಿ ಕೂತರು. ಕಿಟಕಿಯ ಗಾಳಿಗೆ ಗುರುಬಾಯಿಯ ಕಣ್ಣು ಮುಚ್ಚುತ್ತಿದ್ದವು.

"ಅತ್ತಿ, ವಿಜಾಪುರದ ಓಟಕ್ಕ ಹೋಗ್ಲೇನ್ರಿ?"

"ಕೇಳಾಕತ್ತಿ ಏನ ಈಗ?"

"ಹೂಂ, ಈಗ ಕೇಳಾಕತ್ತೀನ್ರಿ."

ದುಂಡವ್ವ ಹೊರಗಿನ ಜೋಳದ ಹೊಲಗಳನ್ನು ನೋಡುತ್ತಿದ್ದಳು. "ಹೋಗೂಣು," ಎಂದಳು. "ನಾಳೆ ಒಂದಿನ ಕಾಲಿಗೆ ವಿಶ್ರಾಂತಿ ಕೊಡು. ನಾಡದ ನಸುಕಿನ್ಯಾಗ ನಾ ಎಬ್ಬಸ್ತೀನಿ."